ಅಡ್ಡಿಲ್ಲೆ ಎಂದು ದೋಣಿ ಹತ್ತಿದ ಅತ್ತಿಗೆ

ಹೆಗ್ಗರಣೆ ಕಡೆಯಿಂದ ಬರುವ ಬೆಳಗಿನ ಬಸ್ಸು ಹೇರೂರಿಗೆ ಬಂದಾಗ ಮಂಜು ಇನ್ನೂ ಕರಗಿರಲಿಲ್ಲ. ನಾನೂ ಅತ್ತಿಗೆಯೂ ಆಧಾರ್ ಕಾರ್ಡು ತೋರಿಸಿ, ಹೆಂಗಸರ ಉಚಿತ ಟಿಕೆಟ್ ಹರಿಸಿಕೊಂಡು, ಮುಂದಿನ ಸೀಟಿನಲ್ಲಿ ಕೂತೆವು. ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ ಸಾವಿತ್ರಿ. ಅವಳು ಒಬ್ಬಳೇ ಇರುವ ಮನೆ ನಮ್ಮ ಊರಲ್ಲೇ. ಅರವತ್ತು ಹತ್ತಿರ ಬಂದರೂ ಅವಳು ಒಮ್ಮೆಯೂ ದೋಣಿಯಲ್ಲಿ ಕೂತವಳಲ್ಲ. ಕಾಳಿ ನದಿಯ ಹಿನ್ನೀರಿನಲ್ಲಿ ಜನ ದೋಣಿ ಏರಿ ಹೋಗುವ ವಿಡಿಯೋವನ್ನು ಯಾರೋ ಮೊಬೈಲಿಗೆ ಕಳಿಸಿದ್ದರು. ಅಂದಿನಿಂದ ಮಳೆಗಾಲ ಮುಗಿಯುವವರೆಗೂ ಅವಳದು ಒಂದೇ ಮಾತು, “ಒಂದ್ಸಲ ದೋಣಿಲಿ ಕೂರವು ಹೇಳಿ ಆಸೆ ಇದ್ದು ಸುಮಾ.”

ಕರೆದುಕೊಂಡು ಹೋಗಲು ನಾನೇ ಒಪ್ಪಿದೆ. ಬೇರೆ ಯಾರ ಜೊತೆ ಕಳಿಸಲೂ ನನಗೆ ಧೈರ್ಯವಿರಲಿಲ್ಲ. ನನಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಅಂಗಡಿಯವನ ತಕ್ಕಡಿ, ಗ್ಯಾಸ್ ಸಿಲಿಂಡರಿನ ವಾಷರ್, ಡಾಕ್ಟರ ನಗು, ಎಲ್ಲವನ್ನೂ ಎರಡು ಸಲ ನೋಡುವವಳು ನಾನು. ಹೊರಡುವಾಗ ಗಂಡ ಅದನ್ನೇ ಹಿಡಿದು ಕಾಡಿಸಿದ, “ನೀನು ದೋಣಿಯವನ ಜಾತಕ ಕೇಳದೆ ಹತ್ತದಿಲ್ಲೆ ಬಿಡು.”

ಅತ್ತಿಗೆ ನನ್ನ ತದ್ವಿರುದ್ಧ. ಅವಳಿಗೆ ಎಲ್ಲದಕ್ಕೂ ಒಂದೇ ಉತ್ತರ, ‘ಅಡ್ಡಿಲ್ಲೆ’. ಇದು ನಮ್ಮ ಕಡೆಯ ಎಲ್ಲರ ಬಾಯಲ್ಲೂ ಇರುವ ಮಾತು. ಚೆನ್ನಾಗಿದೆ ಎಂದಾದರೂ ಆದೀತು, ಸುಮಾರಾಗಿದೆ ಎಂದಾದರೂ ಆದೀತು, ಬೇಡ ಆದರೆ ಬಾಯಿಬಿಟ್ಟು ಹೇಳಲಾರೆ ಎಂದೂ ಆದೀತು. ಹೇಳುವವರ ಮುಖ ನೋಡಿ ಅರ್ಥ ಮಾಡಿಕೊಳ್ಳಬೇಕು. ಸಿರ್ಸಿಯ ಹೋಟೆಲಿನಲ್ಲಿ ತಿಂದ ಬನ್ಸ್ ಹೇಗಿದೆ ಎಂದು ಕೇಳಿದೆ. “ಅಡ್ಡಿಲ್ಲೆ” ಅಂದಳು. ಬನ್ಸು ಹಿಂದಿನ ದಿನದ್ದು ಎಂದು ನನ್ನ ಹಲ್ಲಿಗೇ ಗೊತ್ತಾಗಿತ್ತು.

ಸಿರ್ಸಿಯಿಂದ ಯಲ್ಲಾಪುರಕ್ಕೆ ಐವತ್ತು ಕಿಲೋಮೀಟರಿನ ಆಸುಪಾಸು. ಮಳೆ ತಿಂದ ರಸ್ತೆಯಲ್ಲಿ ಬಸ್ಸು ಓಲಾಡುವಾಗೆಲ್ಲ ಅತ್ತಿಗೆ ದೋಣಿಗೆ ಅಭ್ಯಾಸವಾಗುತ್ತಿದೆ ಎಂದು ನಗುತ್ತಿದ್ದಳು. ಯಲ್ಲಾಪುರದಲ್ಲಿ ಬಾಡಿಗೆ ಕಾರು ಹಿಡಿದೆವು. ಚಾಲಕ ಹೇಳಿದ ಬಾಡಿಗೆಗೆ ಮೊದಲು ಇಲ್ಲ ಅಂದು, ಇನ್ನೊಬ್ಬನನ್ನು ಕೇಳಿ, ಅವನೂ ಅಷ್ಟೇ ಹೇಳಿದ ಮೇಲೆ ಮೊದಲಿನವನ ಕಾರನ್ನೇ ಹತ್ತಿದೆ. ಕಾಡಿನ ನಡುವೆ ಇಳಿಯುತ್ತ ಹೋದ ದಾರಿ ಕೊನೆಗೆ ನೀರಿನ ಮುಂದೆ ನಿಂತಿತು.

ನೀರು ಹಸಿರಾಗಿ, ಅಲ್ಲಾಡದೆ ಮಲಗಿತ್ತು. ಅಲ್ಲಲ್ಲಿ ಮುಳುಗಿಹೋದ ಕಾಡಿನ ಒಣಮರಗಳ ತುದಿಗಳು ಮೇಲಕ್ಕೆ ಚಾಚಿದ್ದವು. ನನಗೆ ಆ ನೀರು ಸರಿಬರಲಿಲ್ಲ. ಮೇಲೆ ಇಷ್ಟು ಮರ ಕಂಡರೆ ಕೆಳಗೆ ಕಾಣದಿರುವುದು ಎಷ್ಟಿರಬೇಡ! ದಡದಲ್ಲಿ ತಗಡಿನ ಚಪ್ಪರ, ಅದರ ಮುಂದೆ ಇಂಜಿನ್ ಕೂರಿಸಿದ ಒಂದು ದೋಣಿ. ದೋಣಿಯವನ ಹೆಸರು ಫಕೀರಪ್ಪ. ಮುಂಡಗೋಡದ ಆಚೆಯವನಂತೆ. ನಲವತ್ತರ ವಯಸ್ಸು, ಕಣ್ಣು ಕೆಂಪಗೆ.

“ಬರ್ರಿ ಅಕ್ಕಾರ, ಬರ್ರಿ. ಇನ್ನೊಂದ್ ಜೋಡಿ ಐತಿ, ಕೂಡೇ ಹೋಗೂಣಂತ.”

ಹುಬ್ಬಳ್ಳಿಯ ಗಂಡ ಹೆಂಡತಿ ಆಗಲೇ ಲೈಫ್ ಜಾಕೆಟ್ ತೊಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಫಕೀರಪ್ಪನ ಕಣ್ಣನ್ನೇ ನೋಡಿದೆ. ಬೆಳಿಗ್ಗೆಯೇ ಕುಡಿದಿದ್ದಾನೆ ಎಂಬ ಗುಮಾನಿ ಬಂತು. ದೋಣಿಯೊಳಗೆ ಬಗ್ಗಿದೆ. ತಳದಲ್ಲಿ ಅಂಗೈಯಗಲ ನೀರು ನಿಂತಿತ್ತು, ತೋಡಿ ಚೆಲ್ಲಲು ಕತ್ತರಿಸಿದ ಎಣ್ಣೆ ಕ್ಯಾನು ಬಿದ್ದಿತ್ತು. “ಇದೆಂಥ ನೀರು? ಎಲ್ಲಿಂದ ಬಂತು?” ಎಂದು ಕೇಳಿದೆ.

“ನಿನ್ನಿ ಮಳಿ ಬಿತ್ತಲ್ರಿ, ಅದು.”

ನಿನ್ನೆ ಮಳೆ ಬಂದಿದ್ದು ಹೌದೋ ಅಲ್ಲವೋ ಎಂದು ಕಾರಿನ ಚಾಲಕನನ್ನು ಕೇಳಲು ಮೇಲೆ ಹತ್ತಿದೆ. ಬಂದಿತ್ತಂತೆ. ತಿರುಗಿ ಇಳಿಯುವಾಗ ಕೆಳಗಿನಿಂದ ಮಾತು ಕೇಳಿಸುತ್ತಿತ್ತು. ಇದ್ದ ನಾಲ್ಕು ಜಾಕೆಟ್‌ಗಳಲ್ಲಿ ಒಂದರ ಕೊಕ್ಕೆ ಮುರಿದಿತ್ತು. ಈಜು ಬರುವವರಿಗೆ ಅದನ್ನು ಕೊಡುವುದು ಫಕೀರಪ್ಪನ ಲೆಕ್ಕ. ಹುಬ್ಬಳ್ಳಿಯವರು ಈಜು ಬರುವುದಿಲ್ಲ ಅಂದಿದ್ದರಂತೆ.

“ಅಕ್ಕಾರ, ನಿಮಗ ಈಸಾಕ ಬರ್ತದೇನ್ರಿ?”

“ಅಡ್ಡಿಲ್ಲೆ” ಅಂದಳು ಅತ್ತಿಗೆ.

ನನಗೆ ಆ ಮಾತು ಕೇಳಿಸಿತು. ಆದರೆ ದಿನಕ್ಕೆ ಇಪ್ಪತ್ತು ಸಲ ಕೇಳುವ ಮಾತು, ಕಿವಿಗೆ ಬಿದ್ದು ಹಾಗೇ ಜಾರಿಹೋಯಿತು. ಫಕೀರಪ್ಪ ನನ್ನನ್ನೂ ಕೇಳಿದ. ನಾನು ಸಾಫಾಗಿ ಬರುವುದಿಲ್ಲ ಅಂದೆ. ಅವನು ಕೊಟ್ಟ ಜಾಕೆಟ್ಟಿನ ಕೊಕ್ಕೆಗಳನ್ನು ಒಂದೊಂದಾಗಿ ಎಳೆದು ನೋಡಿ ತೊಟ್ಟೆ. ಅಷ್ಟರಲ್ಲಿ ಅತ್ತಿಗೆ ಮೊದಲು ಹತ್ತಿ ಮುಂದುಗಡೆ ಅಂಚಿಗೆ ಕೂತಾಗಿತ್ತು. ಜಾಕೆಟ್ಟಿನ ಮೇಲೆ ಸೆರಗು ಹೊದ್ದುಕೊಂಡಿದ್ದಳು. ಒಳಗೆ ಅದನ್ನು ಹಗ್ಗದ ತುಂಡಿನಿಂದ ಕಟ್ಟಿದ್ದು ನನಗೆ ಕಾಣಲಿಲ್ಲ.

ದೋಣಿ ಹೊರಟಿತು. ಅತ್ತಿಗೆ ನೀರಿಗೆ ಬೆರಳು ಇಳಿಬಿಟ್ಟಳು. ಅವಳ ಮುಖದಲ್ಲಿ ಅಂಥ ಖುಷಿಯನ್ನು ನಾನು ನೋಡಿ ವರ್ಷಗಳೇ ಆಗಿದ್ದವು. ನಾನು ಮಾತ್ರ ಒಮ್ಮೆ ತಳದ ನೀರನ್ನು, ಒಮ್ಮೆ ಫಕೀರಪ್ಪನ ಕೈಯನ್ನು ನೋಡುತ್ತ ಕೂತಿದ್ದೆ. ಕೈ ನಡುಗುತ್ತಿರಲಿಲ್ಲ. ತಳದ ನೀರೂ ಏರಲಿಲ್ಲ. ಇನ್ನೇನು ಮನಸ್ಸು ಹಗುರ ಮಾಡಿಕೊಳ್ಳೋಣ ಎನ್ನುವಷ್ಟರಲ್ಲಿ, ಒಣಮರಗಳು ಒತ್ತೊತ್ತಾಗಿದ್ದ ಕಡೆ, ಹುಬ್ಬಳ್ಳಿಯ ಗಂಡ ಸೆಲ್ಫಿಗೆ ಎದ್ದು ನಿಂತ.

“ಕುಂದರ್ರಿ ಸರ, ಕುಂದರ್ರಿ!” ಎಂದು ಫಕೀರಪ್ಪ ಕೂಗಿದ. ಅವನ ಕಣ್ಣು ಆ ಕಡೆ ಹೋದ ಕ್ಷಣಕ್ಕೇ ದೋಣಿಯ ಮೂತಿ ನೀರೊಳಗಿನ ಯಾವುದೋ ಬೊಡ್ಡೆಗೆ ಬಡಿಯಿತು. ನಿಂತಿದ್ದವನು ಹೆಂಡತಿಯ ಮೇಲೆ ಕುಸಿದ. ದೋಣಿ ಒಂದು ಕಡೆಗೆ ವಾಲಿ ಮತ್ತೆ ನೆಟ್ಟಗಾಯಿತು. ಮುಂದೆ ಅಂಚಿನಲ್ಲಿ ಅತ್ತಿಗೆ ಇರಲಿಲ್ಲ.

ಅವಳು ಎರಡು ಮಾರು ಆಚೆ ಮೇಲೆ ಬಂದಳು. ಹಗ್ಗ ಬಿಚ್ಚಿಹೋಗಿ ಜಾಕೆಟ್ಟು ಕತ್ತಿನಿಂದ ಮೇಲೆ ಸರಿದು ಮುಖ ಮುಚ್ಚಿತ್ತು. ಕೈ ಮಾತ್ರ ಗಾಳಿಯಲ್ಲಿ ಆಡುತ್ತಿತ್ತು. ಫಕೀರಪ್ಪ ಇಂಜಿನ್ ನಿಲ್ಲಿಸಿ, ಅವಸರವೇ ಇಲ್ಲದವನ ಹಾಗೆ, ಹುಟ್ಟನ್ನು ಅವಳ ಕಡೆ ಚಾಚಿ ನಿಂತ.

“ಈ ಕಡೆ ಈಸ್ರಿ ಅಕ್ಕಾರ. ಹೆದರಬ್ಯಾಡ್ರಿ, ಹಿಂಗ ಈಸ್ರಿ!”

ಅವಳು ಈಜಲಿಲ್ಲ. ಜಾಕೆಟ್ಟು ಒಂದು ಕಡೆ ತೇಲಿತು, ಅವಳು ಕೆಳಗೆ ಹೋದಳು. ಅವನು ಇನ್ನೂ ಹುಟ್ಟು ಹಿಡಿದೇ ನಿಂತಿದ್ದ.

“ಅವಳಿಗೆ ಈಜು ಬರುವುದಿಲ್ಲ!” ಎಂದು ನಾನು ಕಿರುಚಿದೆ.

ಅವನು ನನ್ನ ಕಡೆ ತಿರುಗಿದ. “ಅಡ್ಡಿಯಿಲ್ಲ ಅಂದ್ರಲ್ರಿ!”

ಅಷ್ಟು ಹೇಳಿ ಹುಟ್ಟು ಬಿಸಾಡಿ ಹಾರಿದ. ಆಗ ನನಗೆ ತಿಳಿಯಿತು. ಅವನ ಊರಿನಲ್ಲಿ ಅಡ್ಡಿಯಿಲ್ಲ ಅಂದರೆ ತೊಂದರೆಯಿಲ್ಲ, ಆಗುತ್ತದೆ, ಅಷ್ಟೇ. ಅದರೊಳಗೆ ನಮ್ಮ ಹಾಗೆ ನಾಲ್ಕಾರು ಅರ್ಥ ಅಡಗಿರುವುದಿಲ್ಲ. ದೋಣಿ, ನೀರು, ಕಣ್ಣು, ಕಾರು ಎಲ್ಲವನ್ನೂ ಸಂಶಯಪಟ್ಟ ನಾನು, ನಮ್ಮ ಮನೆಯ ಮಾತೊಂದನ್ನು ಸಂಶಯಪಡದೆ ಬಿಟ್ಟಿದ್ದೆ. ಇದೆಲ್ಲ ಹೊಳೆಯಲು ಒಂದು ಉಸಿರು ಹಿಡಿದಿರಬಹುದು. ಆ ಹೊತ್ತಿಗೆ ನೀರು ಮತ್ತೆ ಅಲ್ಲಾಡದೆ ಮಲಗಿತ್ತು.

ಅವನು ಅವಳ ಸೀರೆ ಹಿಡಿದು ಮೇಲೆ ಬಂದ. ನಾನೂ ಹುಬ್ಬಳ್ಳಿಯವರೂ ಸೇರಿ ಎಳೆದುಕೊಂಡೆವು. ಅತ್ತಿಗೆ ಕೆಮ್ಮಿ ಕೆಮ್ಮಿ ನೀರು ಕಾರಿದಳು. ಫಕೀರಪ್ಪ ಅಂಚು ಹಿಡಿದು ಏದುಸಿರು ಬಿಡುತ್ತಿದ್ದ, ಮುಖ ನನ್ನ ಮುಖಕ್ಕೆ ಹತ್ತಿರವಿತ್ತು. ನನ್ನ ಬುದ್ಧಿ ಎಲ್ಲಿ ಹೋದೀತು, ಅಷ್ಟರಲ್ಲೂ ಮೂಸಿದೆ. ಪೆಟ್ರೋಲಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ದಡದಲ್ಲಿ ಬೆಂಕಿ ಹಾಕಿ ಚಾ ಕಾಸಿ ಕೊಟ್ಟ. ಜೋಳಿಗೆಯಲ್ಲಿ ನಾನು ತಂದಿದ್ದ ಇನ್ನೊಂದು ಸೀರೆಯನ್ನು ಅತ್ತಿಗೆ ಉಟ್ಟಳು. ಮುರಿದ ಕೊಕ್ಕೆಯ ಜಾಕೆಟ್ಟನ್ನು ಜನರಿಗೆ ಹಾಕಿಸಬಹುದೇ ಎಂದು ನಾನು ಅವನನ್ನು ತರಾಟೆಗೆ ತೆಗೆದುಕೊಂಡೆ. ಅವನು, ಬರುವಾಗ ನೀರಿನಿಂದ ಎತ್ತಿ ತಂದಿದ್ದ ಆ ಜಾಕೆಟ್ಟನ್ನು ಬೆಂಕಿಯ ಪಕ್ಕಕ್ಕೆ ಎಸೆದ.

“ತಪ್ಪಾತ್ರಿ. ಆದ್ರ ಅಕ್ಕಾರ, ನೀರಾಗ ಹೌದಂದ್ರ ಹೌದು, ಇಲ್ಲಂದ್ರ ಇಲ್ಲ ಅನ್ರಿ. ನಡಬರಕ ನಿಲ್ಲಬ್ಯಾಡ್ರಿ.”

ಅತ್ತಿಗೆ ತಲೆ ತಗ್ಗಿಸಿ ಚಾ ಕುಡಿದಳು.

ಯಲ್ಲಾಪುರದಿಂದ ಸಿರ್ಸಿ ಬಸ್ಸು ಸಿಕ್ಕಿತು. ಅರ್ಧ ದಾರಿ ಕಳೆದ ಮೇಲೆ ತಡೆಯಲಾರದೆ ಕೇಳಿದೆ, “ಎಂತಕ್ಕೆ ಹಾಂಗೆ ಹೇಳ್ದೆ ಅತ್ತಿಗೆ?”

“ಅಂವ ಎಲ್ಲರ ಹತ್ರ ಕೇಳ್ತಾ ಇದ್ದಿದ್ದ. ಈಜು ಬತ್ತಿಲ್ಲೆ ಹೇಳಿದ್ರೆ ಆನು ಮುದುಕಿ ಹೇಳಿ ದೋಣಿ ಹತ್ತಸ್ತ್ನಿಲ್ಲೆ ಹೇಳಿ ಕಂಡ್ತು.”

ಮುದುಕಿಯೆಂದು ದೋಣಿ ಹತ್ತಿಸಲಾರನೇನೋ ಎಂದು ಹಾಗೆ ಹೇಳಿದ್ದಳು! ನನಗೆ ಸಿಟ್ಟೂ ಬಂತು, ಅಳುವೂ ಬಂತು. ಸಿರ್ಸಿ ಬಸ್‌ಸ್ಟ್ಯಾಂಡಿನಲ್ಲಿ ಅವಳ ತಮ್ಮ, ಎಂದರೆ ನನ್ನ ಗಂಡ, ಫೋನು ಮಾಡಿದ. ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಫೋನು ಕಸಿದುಕೊಂಡಳು. ದೋಣಿ ಹೆಂಗಾತು ಎಂದು ಅವನು ಕೇಳಿದ್ದು ನನಗೂ ಕೇಳಿಸಿತು.

“ಅಡ್ಡಿಲ್ಲೆ” ಅಂದಳು. ಅವನಿಗೆ ಅಷ್ಟು ಸಾಕಾಯಿತು, ಫೋನು ಇಟ್ಟ.

ಹೆಗ್ಗರಣೆ ಬಸ್ಸಿನಲ್ಲಿ ಕೂತಾಗ ಸಂಜೆಯಾಗಿತ್ತು. ಈ ಮಾತು ನನ್ನನ್ನು ಬಿಡಲೊಲ್ಲದು. ಮಂಡಿ ನೋವು ಹೇಗಿದೆ, ಔಷಧಿ ತಗೊಂಡೆಯಾ, ಒಬ್ಬಳೇ ಮಲಗಲು ಬೇಜಾರಿಲ್ಲವಾ ಎಂದು ನಾನು ಕೇಳಿದಾಗೆಲ್ಲ ಅವಳು ಕೊಟ್ಟಿದ್ದು ಇದೇ ಉತ್ತರ. ಇಷ್ಟು ವರ್ಷ ಅದರಲ್ಲಿ ಎಷ್ಟು ಹೌದಿತ್ತು, ಎಷ್ಟು ಅಲ್ಲವಿತ್ತು?

“ಅತ್ತಿಗೆ, ಹೌದಾ ಅಲ್ದಾ ಅಷ್ಟೇ ಹೇಳು. ಹೆದ್ರಿಕೆ ಆತಾ?”

ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡಳು.

“ಆತು. ಕೆಳಗೆ ಹೋದಾಗ ನಿನ್ನ ಹೆಸರು ಕೂಗಿದೆ. ಬಾಯಿ ತುಂಬ ನೀರೇ ಬಂತು.”

ಹೇರೂರಿನಲ್ಲಿ ಇಳಿಯುವವರೆಗೂ ಆ ಕೈ ಬಿಡಲಿಲ್ಲ. ದಾರಿ ಬೇರೆಯಾಗುವ ತಿರುವಿನಲ್ಲಿ, “ಇವತ್ತು ನಮ್ಮನೆಲೇ ಉಳ್ಕಂಬಲೆ ಮನಸ್ಸಿದ್ದಾ?” ಎಂದು ಕೇಳಿದೆ. ಅವಳ ಬಾಯಿ ಅಭ್ಯಾಸದಂತೆ ತೆರೆಯಿತು, ಅರ್ಧಕ್ಕೆ ನಿಂತಿತು.

“ಹೌದು” ಅಂದಳು ಅತ್ತಿಗೆ.