ಹೊಲಿಗೆ ಹಾಕಿದ ಕಡತ

ಪುಸ್ತಕಗಳಿಗೆ ರಟ್ಟು ಕಟ್ಟುವ ಆ ಹೆಂಗಸನ್ನು ಬೀದಿಯವರೆಲ್ಲ ಬೈಂಡರಮ್ಮ ಎಂದೇ ಕರೆಯುತ್ತಿದ್ದರು. ಬಿಡಿ ಹಾಳೆ ಕಂಡರೆ ಆಕೆಗಾಗದು. ವಿದ್ಯುತ್ ಬಿಲ್ಲಿನಿಂದ ಹಿಡಿದು ಔಷಧಿ ಚೀಟಿಯವರೆಗೆ ಮನೆಯ ಕಾಗದಗಳಿಗೆಲ್ಲ ದಾರ, ಅಂಟು, ರಟ್ಟು. "ನಮ್ಮನ್ನೂ ಒಂದು ದಿನ ಹೊಲಿದು ಕಪಾಟಿನಲ್ಲಿ ಇಡ್ತಾಳೆ ನೋಡಿ" ಎಂದು ಅಂಗಡಿಯಲ್ಲಿ ಜೊತೆಗೆ ದುಡಿಯುವ ಅಣ್ಣ ಬಂದವರಿಗೆಲ್ಲ ಹೇಳುತ್ತಿದ್ದ.

ಇಂಥ ಅಚ್ಚುಕಟ್ಟಿನ ಹೆಂಗಸಿನ ಕೈಗೂ ಬಗ್ಗದೆ ಉಳಿದದ್ದು ಒಂದೇ: ಒಂಬತ್ತು ವರ್ಷದ ಮಗಳ ಶಾಲೆ.

ಮಗಳನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ಗುಬ್ಬಿಗೆ ಓದು ಹತ್ತಲೇ ಇಲ್ಲ. ಒಂದು ಸಾಲು ಮುಗಿಸುವಷ್ಟರಲ್ಲಿ ಹಣೆ ಬೆವರುತ್ತಿತ್ತು. ಬರೆಯಲು ಕೂತರೆ ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ. ಅದೇ ಗುಬ್ಬಿ ಒಂದು ಸಂಜೆ ಅಂಗಡಿಗೆ ಬಂದವಳು, ಇನ್ನೂ ಮಡಿಸದೆ ಮೇಜಿನ ಮೇಲೆ ಹರಡಿದ್ದ ಹದಿನಾರು ಪುಟಗಳ ದೊಡ್ಡ ಹಾಳೆಯನ್ನು ನೋಡಿ, "ಅಮ್ಮ, ಇದು ತಪ್ಪು. ಐದರ ಪಕ್ಕ ಹನ್ನೆರಡು ಇರ್ಬೇಕು, ಹತ್ತು ಬಂದಿದೆ" ಎಂದಳು.

"ನಿಂಗ್ಯಾರೇ ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಮಡಿಸಿ ಹೊಲಿಯೋ ಗೆರೆಯ ಆಚೆ ಈಚೆ ಇರೋ ಎರಡು ಪುಟ ಕೂಡಿ ಹದಿನೇಳು ಆಗ್ಲೇಬೇಕಲ್ಲ, ಒಂದಕ್ಕೆ ಹದಿನಾರು, ಎರಡಕ್ಕೆ ಹದಿನೈದು ಹಾಗೆ."

ಬೈಂಡರಮ್ಮನ ಅಣ್ಣ ಮಡಿಸಿ ನೋಡಿದ. ಮಗು ಹೇಳಿದ್ದೇ ಸರಿ. ಎರಡು ಸಾವಿರ ಹಾಳೆಗಳು ಮುದ್ರಣಾಲಯಕ್ಕೆ ವಾಪಸು ಹೋದವು.

ಇಂಥ ಮಗುವನ್ನು ಎಲ್ಲಿಗೆ ಸೇರಿಸುವುದು? ಮೊದಲಿನ ಶಾಲೆಯವರು ಮಂದಬುದ್ಧಿ ಎಂದು ಹಿಂದಿನ ಬೆಂಚಿಗೆ ತಳ್ಳಿದರು. ಜಾಣ ಮಕ್ಕಳ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಅವಳು ಮೂರನೆಯ ಪ್ರಶ್ನೆ ಓದುತ್ತಿರುವಾಗಲೇ ಗಂಟೆ ಹೊಡೆಯಿತು. ಓದು ಬಾರದ ಮಕ್ಕಳಿಗೆಂದೇ ಇದ್ದ ಶಾಲೆಯಲ್ಲಿ ಅಕ್ಷರವನ್ನು ಪ್ರೀತಿಯಿಂದ ಕಲಿಸಿದರು, ನಿಜ. ಲೆಕ್ಕದ ಹೊತ್ತಿನಲ್ಲಿ ಮಾತ್ರ ವರ್ಷವಿಡೀ ಮಣಿ ಎಣಿಸಲು ಕೂರಿಸಿದರು. ಬೇಸರ ತಾಳಲಾರದೆ ಗುಬ್ಬಿ ಮಣಿಗಳನ್ನೆಲ್ಲ ಕಿಟಕಿಯಿಂದಾಚೆ ಸುರಿದು ಬಂದಳು. "ಇಷ್ಟು ಚುರುಕಾದ ಮಗು ನಮ್ಮಲ್ಲಿ ಯಾಕಮ್ಮ?" ಎಂದರು ಅವರು. ಮಕ್ಕಳ ಮನಸ್ಸನ್ನು ಪರೀಕ್ಷಿಸುವ ವೈದ್ಯೆ ಒಬ್ಬರೇ ಸ್ಪಷ್ಟವಾಗಿ ಹೇಳಿದ್ದು: ಬುದ್ಧಿ ವಯಸ್ಸಿಗಿಂತ ಬಹಳ ಮುಂದಿದೆ, ಓದಿನ ತೊಡಕೂ ಇದೆ, ಎರಡೂ ನಿಜ. ನಾಲ್ಕು ಪುಟ ಬರೆದುಕೊಟ್ಟರು. ಆದರೆ ಆ ನಾಲ್ಕರಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದ ಪುಟವನ್ನಷ್ಟೇ ಓದಿ ಕೈಮುಗಿಯುತ್ತಿದ್ದರು. ಬೈಂಡರಮ್ಮನಿಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು.

ಒಂದು ಬೆಳಿಗ್ಗೆ ಗುಬ್ಬಿ ಜಡೆ ಹಾಕಿಸಿಕೊಳ್ಳುತ್ತಾ ಕೇಳಿದಳು. "ಅಮ್ಮ, ನಾನು ಪೆದ್ದಿನಾ, ಜಾಣೆನಾ? ಯಾವ್ದಾದ್ರೂ ಒಂದು ಹೇಳ್ಬಿಡು. ಆಮೇಲೆ ಶಾಲೆಗೆ ಹೋಗಲ್ಲ, ಅಂಗಡೀಲೇ ಇರ್ತೀನಿ."

ಬೈಂಡರಮ್ಮ ಜಡೆಗೆ ರಿಬ್ಬನ್ ಬಿಗಿದು ಎದ್ದಳು. ಅರ್ಜಿ ಹಾಕದೆ ಉಳಿದಿದ್ದ ಶಾಲೆ ಒಂದೇ, ಅದಕ್ಕೆ ಕೊನೆಯ ದಿನ ನಾಳೆ. ಅಂದು ಆಕೆ ಬೇರೆ ಕೆಲಸವನ್ನೆಲ್ಲ ಬದಿಗೆ ತಳ್ಳಿ, ವೈದ್ಯೆಯ ನಾಲ್ಕು ಪುಟ, ಮೂರು ಶಾಲೆಗಳ ಪತ್ರ, ಅಂಕಪಟ್ಟಿ, ಗುಬ್ಬಿ ಹಿಡಿದ ತಪ್ಪನ್ನು ಅಂಚಿನಲ್ಲಿ ಬರೆದು ಉಳಿಸಿಕೊಂಡಿದ್ದ ಆ ದೊಡ್ಡ ಹಾಳೆಯದೊಂದು ಪ್ರತಿ, ಎಲ್ಲವನ್ನೂ ಜೋಡಿಸಿ, ಗಟ್ಟಿ ದಾರದಲ್ಲಿ ಹೊಲಿದು, ನೀಲಿ ರಟ್ಟು ಕಟ್ಟಿದಳು.

ಮರುದಿನ ಗುಬ್ಬಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಶಾಲೆಯ ಕಚೇರಿಯಲ್ಲಿ ಕಡತವನ್ನು ಮುಂದಿಟ್ಟಳು. ಗುಮಾಸ್ತರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದೇನಮ್ಮ, ಪುಸ್ತಕ ಮಾಡ್ಕೊಂಡು ಬಂದಿದ್ದೀರಿ? ಬಿಡಿ ಹಾಳೆ ಬೇಕು. ಜಾಣತನದ್ದು ಈ ಮೇಜಿಗೆ, ತೊಂದರೆದು ಆ ಮೇಜಿಗೆ."

"ಎರಡೂ ಒಂದೇ ಮಗೂದು ಸ್ವಾಮಿ."

"ಅದು ನಿಮಗೆ. ನಮಗೆ ಎರಡು ಮೇಜು." ಅವರು ಹಾಳೆಯೊಂದನ್ನು ಹಿಡಿದು ಎಳೆದರು. ಬರಲಿಲ್ಲ. ಖಾನೆ ತೆರೆದು ಬ್ಲೇಡು ತೆಗೆದರು.

ಬೈಂಡರಮ್ಮ ಕಡತದ ಮೇಲೆ ಅಂಗೈ ಊರಿದಳು. "ಕೊಯ್ದರೆ ನಾನು ಸುಮ್ನಿರಲ್ಲ. ಮೂರು ವರ್ಷದಿಂದ ಎಲ್ಲರೂ ನನ್ನ ಮಗಳನ್ನ ಅರ್ಧರ್ಧ ಓದಿದ್ದಾರೆ. ನೀವಾದ್ರೂ ಪೂರ್ತಿ ಓದಿ. ಇಲ್ಲಾ, ನಿಮ್ಮ ಎರಡು ಮೇಜನ್ನ ತಂದು ಕೊಡಿ, ಅದನ್ನೂ ಸೇರಿಸಿ ಹೊಲಿದುಕೊಡ್ತೀನಿ."

ಗದ್ದಲ ಕೇಳಿ ಮುಖ್ಯೋಪಾಧ್ಯಾಯಿನಿ ಒಳಗಿನಿಂದ ಬಂದರು. ಬ್ಲೇಡನ್ನೂ ಅಂಗೈಯನ್ನೂ ನೋಡಿ, ಕಡತವನ್ನು ಎತ್ತಿಕೊಂಡು ಕೂತರು. ಬಿಡಿಸಲು ಬಾರದ್ದರಿಂದ ಮೊದಲ ಪುಟದಿಂದಲೇ ಓದಬೇಕಾಯಿತು. ದೊಡ್ಡ ಹಾಳೆ ಬಂದಾಗ ಬೆರಳಿಟ್ಟು ಪುಟಗಳನ್ನು ತಾವೇ ಕೂಡಿಸಿ ನೋಡಿದರು. ಮುಕ್ಕಾಲು ಗಂಟೆಯಾಯಿತು.

"ಲೆಕ್ಕಕ್ಕೆ ಆರನೇ ತರಗತಿಯಲ್ಲಿ ಕೂರಲಿ" ಎಂದರು ಕೊನೆಗೆ. "ಪ್ರಶ್ನೆ ನಾವು ಓದ್ತೀವಿ, ಅವಳು ಬಾಯಲ್ಲಿ ಉತ್ತರ ಹೇಳ್ಲಿ. ಬೆಳಿಗ್ಗೆ ಒಂದು ಗಂಟೆ ಓದಿನ ಟೀಚರ್ ಹತ್ರ. ಈ ವರ್ಷ ಹೀಗೆ ಮಾಡಿ ನೋಡೋಣ."

"ಯಾವ ರಿಜಿಸ್ಟರಿಗೆ ಹೆಸರು ಬರೀಲಿ ಮೇಡಂ?" ಎಂದರು ಗುಮಾಸ್ತರು.

"ಎರಡಕ್ಕೂ ಬರೀರಿ."

"ಆಗ ಮಕ್ಕಳ ಸಂಖ್ಯೆ ಒಂದು ಜಾಸ್ತಿ ಆಗುತ್ತೆ."

"ಆಗ್ಲಿ ಬಿಡಿ ಸ್ವಾಮಿ" ಎಂದಳು ಬೈಂಡರಮ್ಮ. "ನಂಗೂ ಇಷ್ಟು ದಿನ ಇಬ್ಬರನ್ನ ಸಾಕಿದಷ್ಟೇ ಸುಸ್ತಾಗಿದೆ."

ಹೊರಗೆ ಗುಬ್ಬಿ ಬೆಂಚಿನಿಂದ ಇಳಿದು ಬಂದಳು. "ಏನಂದ್ರಮ್ಮ? ಪೆದ್ದಿನಾ, ಜಾಣೆನಾ?"

"ಅದೇನೂ ಹೇಳ್ಲಿಲ್ಲ ಕಣೇ. ನಾಳೆ ಒಂಬತ್ತಕ್ಕೆ ಬರ್ಬೇಕು ಅಂದ್ರು."