ರಾಜೇಶ್ವರಿ ಅಕ್ಕೋರ ಗಾಡಿಗೆ ಹೊಕ್ಕ ನೀರು

ವಾಡಿ ಸ್ಟೇಷನ್ನಿನ ಎದುರಿನ ಓಣಿಯಲ್ಲಿ ಲುಂಬಿನಿಯ ರಿಪೇರಿ ಅಂಗಡಿ ಇದೆ. ಟಿವಿ, ಇನ್ವರ್ಟರ್, ಚಾರ್ಜರ್, ಏನು ಕೆಟ್ಟರೂ ಸುತ್ತಿನ ಹಳ್ಳಿಯವರು ಅಲ್ಲಿಗೇ ತರುತ್ತಾರೆ. ಹದಿನೈದು ವರ್ಷದ ಹಿಂದೆ ಹಾಗಿರಲಿಲ್ಲ. ಹೆಣ್ಣುಮಗಳು ಬಿಚ್ಚಿದ ಟಿವಿ ಮತ್ತೆ ಹತ್ತೀತೇ ಎಂದು ಜನ ಬಾಗಿಲಲ್ಲೇ ನಿಂತು ನೋಡಿ, ಮುಂದಿನ ಅಂಗಡಿಗೆ ಹೋಗುತ್ತಿದ್ದರು.

ಆಗ ಅವಳ ಕೈಗೆ ಮೊದಲ ದೊಡ್ಡ ಕೆಲಸ ಕೊಟ್ಟವನು ದೇವಾನಂದ. ಕಲಬುರಗಿಯ ಐಟಿಐನಲ್ಲಿ ಅವಳಿಗಿಂತ ಒಂದು ವರ್ಷ ಮುಂದಿದ್ದವನು. ಅವಳು ವಾಡಿಯಲ್ಲಿ ಹತ್ತಿದ ಪ್ಯಾಸೆಂಜರ್ ರೈಲಿಗೇ ಅವನು ಶಹಾಬಾದಿನಲ್ಲಿ ಹತ್ತುತ್ತಿದ್ದ. ಅವನ ಅವ್ವ ಕಟ್ಟಿಕೊಟ್ಟ ರೊಟ್ಟಿಯಲ್ಲಿ ಅವಳ ಪಾಲೂ ಇರುತ್ತಿತ್ತು. ಅಣ್ಣ ಎಂದು ಕರೆದಳು, ಅವನೂ ಹಾಗೇ ನಡೆದುಕೊಂಡ. ಶಹಾಬಾದಿನಲ್ಲಿ ಗಾಡಿಗಳ ಬಾಡಿ ಕಟ್ಟುವ ಶೆಡ್ ಹಾಕಿದ ಮೇಲೆ, ಅಲ್ಲಿಗೆ ಬಂದ ಆಂಬುಲೆನ್ಸ್, ಶಾಲಾ ವ್ಯಾನುಗಳ ವೈರಿಂಗ್ ಎಲ್ಲ ಅವಳದೇ. ಗಿರಾಕಿಗಳು ಅನುಮಾನಪಟ್ಟರೆ, ಕರೆಂಟಿನ ಕೆಲಸಕ್ಕೆ ಈಕೆ ಇಲ್ಲದಿದ್ದರೆ ನಾನು ಗಾಡಿಯನ್ನೇ ಹಿಡಿಯುವುದಿಲ್ಲ ಎಂದು ಮುಖಕ್ಕೆ ಹೇಳುತ್ತಿದ್ದ.

ಸೇಡಂನ ರಾಜೇಶ್ವರಿ ಅಕ್ಕೋರು ಶಾಲಾ ಶಿಕ್ಷಕಿಯ ಕೆಲಸದಿಂದ ನಿವೃತ್ತರಾದ ಮೇಲೆ ಹಳೆಯ ಮಿನಿಬಸ್ಸೊಂದನ್ನು ಕೊಂಡು, ಇದರೊಳಗೆ ಒಂದು ಮನೆ ಮಾಡಿಕೊಡಿ ಎಂದು ಬಂದದ್ದು ಈ ಇಬ್ಬರ ಬಳಿಗೆ. ತಂಗಿಯನ್ನು ಕರೆದುಕೊಂಡು, ಲಾಡ್ಜು ಹುಡುಕುವ ಗೋಜಿಲ್ಲದೆ ದೇಶ ನೋಡಬೇಕೆಂಬುದು ಅವರ ಆಸೆ. ಮಂಚ, ಅಡುಗೆಕಟ್ಟೆ, ಚಾವಣಿ ದೇವಾನಂದನದು. ಬ್ಯಾಟರಿ, ಇನ್ವರ್ಟರ್, ಫ್ರಿಜ್, ನೀರಿನ ಪಂಪು, ಸೋಲಾರ್ ಲುಂಬಿನಿಯದು. ಇಂಥ ಗಾಡಿ ಅವಳಿಗೂ ಹೊಸದು. ಮೂರು ವಾರ ಕೂತು, ಯಾವ ತಂತಿ ಎಲ್ಲಿಂದ ಎಲ್ಲಿಗೆ ಎಂಬ ನಕ್ಷೆಯನ್ನು ನಾಲ್ಕು ಹಾಳೆಯಲ್ಲಿ ಬಣ್ಣದ ಪೆನ್ನಿನಿಂದ ಬರೆದಳು.

ಸೋಲಾರಿನ ತಂತಿ ಒಳಗಿಳಿಯಲು ಚಾವಣಿಯಲ್ಲಿ ತೂತು ಕೊರೆದವನು ದೇವಾನಂದ. ಅದಕ್ಕೆ ರಬ್ಬರ್ ವಾಶರ್ ಇಟ್ಟು ಮುಚ್ಚಳ ಕೂಡಿಸಬೇಕಿತ್ತು. ಆ ದಿನ ಲುಂಬಿನಿಯ ತಾಯಿ ಸಾಬಮ್ಮನಿಗೆ ಕಣ್ಣಿನ ಆಪರೇಷನ್. ಆಸ್ಪತ್ರೆಯಿಂದಲೇ ಫೋನ್ ಮಾಡಿ ಕೇಳಿದಳು. ಮುಚ್ಚಳ ನನ್ನ ಕೈಯಾರೆ ಕೂಡಿಸಿದ್ದೇನೆ, ನೀನು ಅವ್ವನನ್ನು ನೋಡಿಕೋ ಎಂದ. ಅವಳು ಮತ್ತೆ ಚಾವಣಿ ಹತ್ತಿ ನೋಡಲಿಲ್ಲ.

ಮರುವರ್ಷ ಆಗಸ್ಟಿನಲ್ಲಿ ಅಕ್ಕೋರು ತಂಗಿಯೊಂದಿಗೆ ಚಿಂಚೋಳಿ ಕಡೆಯ ಕಾಡು ನೋಡಲು ಹೋದಾಗ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ಮೂರನೆಯ ದಿನ ದೀಪ ಹೋಯಿತು, ಆಮೇಲೆ ಪಂಪು, ಆಮೇಲೆ ಫ್ರಿಜ್ಜು. ಹೇಗೋ ಸೇಡಂಗೆ ಮರಳಿ ಲುಂಬಿನಿಗೆ ಫೋನ್ ಮಾಡಿದರು. ಮರುದಿನ ಬೆಳಗಿನ ರೈಲಿಗೇ ಅವಳು ಚಿತ್ತಾಪುರ ದಾಟಿ ಸೇಡಂಗೆ ಬಂದಳು.

ಅಕ್ಕೋರು ಈಗಲಾದರೂ ಹತ್ತೀತು ಎಂದು ಗಳಿಗೆಗೊಮ್ಮೆ ಸ್ವಿಚ್ ಒತ್ತುತ್ತಿದ್ದರು. ಲುಂಬಿನಿ ಮೊದಲು ಅದನ್ನು ನಿಲ್ಲಿಸಿದಳು. ಬ್ಯಾಟರಿಯ ತಂತಿ ಬಿಚ್ಚಿದಳು, ಬಿಸಿಲಿಗೆ ಕರೆಂಟ್ ಹುಟ್ಟದಂತೆ ಸೋಲಾರಿನ ಮೇಲೆ ದಪ್ಪ ಕಂಬಳಿ ಹೊದಿಸಿದಳು. ಟಿವಿಯ ರಿಮೋಟನ್ನು ಒಣಗಲೆಂದು ತೊಗರಿಬೇಳೆ ಡಬ್ಬಿಯಲ್ಲಿ ಹುಗಿದಿಟ್ಟಿದ್ದರು. ಅಕ್ಕೋರು ಅದನ್ನು ತೆಗೆದುಕೊಟ್ಟಾಗ ಲುಂಬಿನಿಗೆ ನಗು ಬಂತು.

ಇನ್ವರ್ಟರಿನ ಮುಚ್ಚಳ ತೆಗೆದಾಗ ಒಳಗಿನ ನೀರು ಅವಳ ಮುಂಗೈ ಮೇಲೆ ಹರಿಯಿತು. ಫ್ರಿಜ್ಜಿನ ಬೋರ್ಡಿನಲ್ಲಿ ಆಗಲೇ ಹಸಿರು ಕಿಲುಬು. ಒಂದೊಂದೇ ಬೋರ್ಡು ಬಿಚ್ಚಿ, ಬ್ಯಾಟರಿಗೆ ಹಾಕುವ ಶುದ್ಧ ನೀರಲ್ಲಿ ತೊಳೆದು, ಹಲ್ಲುಜ್ಜುವ ಬ್ರಶ್ಶಿನಿಂದ ಸ್ಪಿರಿಟ್ ಹಚ್ಚಿ ಉಜ್ಜಿ, ಪೇಪರ್ ಹಾಸಿ ಫ್ಯಾನಿನ ಗಾಳಿಗೆ ಇಟ್ಟಳು. ನೀರು ತಂತಿಯ ಗುಂಟ ಇಳಿದದ್ದು ಸ್ಪಷ್ಟವಿತ್ತು. ಅದರ ಜಾಡು ಹಿಡಿದು ಏಣಿ ಹತ್ತಿದಳು.

ಅಲ್ಲಿ ಮುಚ್ಚಳವಿರಲಿಲ್ಲ. ವಾಶರೂ ಇರಲಿಲ್ಲ. ತಂತಿಯ ಸುತ್ತ ಪುಟ್ಟಿ ಮೆತ್ತಿ ಬಿಳಿ ಬಣ್ಣ ಬಳಿದಿತ್ತು, ಅಷ್ಟೇ. ಅವಸರದಲ್ಲಿ ಮರೆತನೇನೋ ಎಂದುಕೊಂಡು ಸ್ಕ್ರೂಡ್ರೈವರಿನಿಂದ ಕೆರೆದಳು. ಕೆಳಗೆ ಇನ್ನೊಂದು ಪದರ, ಬಿರುಕು ಬಿಟ್ಟು ಕಂದಾದದ್ದು. ಮೇಲಿನದು ಎರಡು ತಿಂಗಳಿಗಿಂತ ಹಳೆಯದಲ್ಲ. ಯಾರೋ ಮತ್ತೆ ಬಂದು ನೋಡಿ, ಮತ್ತೆ ಮೆತ್ತಿದ್ದರು.

ಇಳಿದು ಬಂದು ಅಕ್ಕೋರನ್ನು ಕೇಳಿದಳು. ಅವರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೇಳಿದರು. ಜೂನ್‌ನಲ್ಲಿ ಹನಿ ಬಿದ್ದದ್ದು ನೋಡಿ ದೇವಾನಂದನನ್ನು ಕರೆಸಿದ್ದರು.

"ತೂತು ಕೊರದಾಕಿ ಲುಂಬಿನಿ, ಅಳತಿ ತಪ್ಪ್ಯಾಳ ಅಂದ. ಆಕಿಗಿ ಹೇಳಬ್ಯಾಡ್ರಿ, ಮನಸ್ಸಿಗಿ ಹಚ್ಕೋತಾಳ ಅಂದ. ಅದಕ್ಕ ನಾ ಸುಮ್ಮನಾದೆ."

ತೂತು ತನ್ನದಲ್ಲ, ಆ ದಿನ ತಾನು ಆಸ್ಪತ್ರೆಯಲ್ಲಿದ್ದೆ ಎಂದಳು ಲುಂಬಿನಿ. ಅಕ್ಕೋರು ತಲೆಯಾಡಿಸಿದರು. ಹೋಮ್‌ವರ್ಕ್ ಯಾಕೆ ಮಾಡಿಲ್ಲವೆಂದು ಕಾರಣ ಹೇಳುವ ವಿದ್ಯಾರ್ಥಿಗೆ ತಲೆಯಾಡಿಸಿದ ಹಾಗೆ.

ಮರುದಿನ ಅವಳು ಶಹಾಬಾದಿಗೆ ಹೋದಳು. ರೈಲಿನುದ್ದಕ್ಕೂ ಆಡಬೇಕಾದ ಮಾತು ಜೋಡಿಸಿಕೊಂಡಿದ್ದಳು. ಶೆಡ್ಡಿನಲ್ಲಿ ಎರಡು ಮಿನಿಬಸ್ಸು ನಿಂತಿದ್ದವು, ಒಳಗೆ ಮಂಚ, ಅಡುಗೆಕಟ್ಟೆ ಏಳುತ್ತಿದ್ದವು. ಇಂಥ ಕೆಲಸ ಬಂದದ್ದೇ ಅವಳಿಗೆ ಗೊತ್ತಿರಲಿಲ್ಲ. ಪರಿಚಯವಿಲ್ಲದ ಎಲೆಕ್ಟ್ರಿಷಿಯನ್ ಒಬ್ಬ ತಂತಿ ಎಳೆಯುತ್ತಿದ್ದ. ಅವನ ಎದುರಿನ ಪ್ಲೈವುಡ್ಡಿಗೆ ನಾಲ್ಕು ಜೆರಾಕ್ಸ್ ಹಾಳೆ ಅಂಟಿಸಿತ್ತು. ಅಕ್ಷರ ಅವಳದು. ಕೆಳಗೆ ಅವಳ ಹೆಸರಿದ್ದ ಮೂಲೆಯಲ್ಲಿ ಮಾತ್ರ ದೇವಾನಂದನ ಶೆಡ್ಡಿನ ಸೀಲು ಬಿದ್ದಿತ್ತು.

ದೇವಾನಂದ ತಾನೇ ಚಹಾ ತಂದು ಮುಂದಿಟ್ಟ.

"ತೂತು ಕೊರದಾಕಿ ನಾನು ಅಂತ ಅಕ್ಕೋರಿಗಿ ಹೇಳಿದಿಯಂತಲ್ಲ ಅಣ್ಣ," ಎಂದಳು.

ಅವನು ಅಲ್ಲಗಳೆಯಲಿಲ್ಲ. "ಹೇಳೀನಿ. ನನ್ನ ಬಾಡಿ ಸೋರ್ತದ ಅಂತ ಸುದ್ದಿ ಆಗಿದ್ರ ಈ ಎರಡು ಗಾಡಿ ಬರ್ತಿರಲಿಲ್ಲ. ನಿನಗೇನು, ನಿನ್ನ ಅಂಗಡಿ ಅದ, ನಡೀತದ."

"ಈ ಹಾಳಿ?"

"ಅವೂ ನನ್ನ ಶೆಡ್ಡಿನ ಕೆಲಸಕ್ಕ ನೀ ಬರೆದದ್ದೇ ಅಲ್ಲೇನು."

ಲುಂಬಿನಿ ಪ್ಲೈವುಡ್ಡಿನ ಕಡೆ ತಿರುಗಿದಳು. ಹಾಳೆ ಕಿತ್ತುಕೊಂಡು ಹೋಗಬೇಕೆನ್ನಿಸಿತು. ಆದರೆ ಆ ಎಲೆಕ್ಟ್ರಿಷಿಯನ್ ಪ್ರತಿ ತಂತಿಗೂ ತಲೆಯೆತ್ತಿ ಅದನ್ನೇ ನೋಡುತ್ತಿದ್ದ. ಅದಿಲ್ಲದೆ ಅವನು ಅಂದಾಜಿನಲ್ಲಿ ಜೋಡಿಸುತ್ತಾನೆಂದು ಅವಳಿಗೆ ಗೊತ್ತಿತ್ತು. ಚಹಾ ಮುಟ್ಟದೆ ಎದ್ದು ಬಂದಳು.

ಸ್ಟೇಷನ್ನಿನಲ್ಲಿ ಎರಡು ತಾಸು ಕೂತಳು. ಕೆಲಸ ಹೋದದ್ದಕ್ಕಿಂತ ಬೇರೊಂದು ಅವಳನ್ನು ಕೊರೆಯಿತು. ಹೆಣ್ಣುಮಗಳ ಅಳತೆ ತಪ್ಪಿತು ಎಂದರೆ ಯಾರೂ ಎರಡನೆಯ ಮಾತು ಕೇಳುವುದಿಲ್ಲ. ಅದು ಅವನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಹದಿನೈದು ವರ್ಷ ಅದೇ ಅನುಮಾನಕ್ಕೆ ಅಡ್ಡ ನಿಂತವನು, ತನಗೆ ಬೇಕಾದಾಗ ಅದನ್ನೇ ಎತ್ತಿ ಬಳಸಿದ್ದ.

ಅಕ್ಕೋರ ಗಾಡಿಯಲ್ಲಿ ಇನ್ವರ್ಟರು, ಪಂಪು ಬದುಕಿದವು. ಫ್ರಿಜ್ಜಿನ ಬೋರ್ಡು ಬದುಕಲಿಲ್ಲ, ಹೊಸದು ಹಾಕಬೇಕಾಯಿತು. ಲುಂಬಿನಿ ತಾನೇ ಚಾವಣಿ ಹತ್ತಿ, ಪುಟ್ಟಿ ಕೆತ್ತಿ, ವಾಶರ್ ಇಟ್ಟು ಮುಚ್ಚಳ ಬಿಗಿದಳು. ಅಕ್ಕೋರನ್ನು ಒಳಗೆ ನಿಲ್ಲಿಸಿ ಮೇಲಿಂದ ಆರು ಬಕೆಟ್ ನೀರು ಸುರಿದಳು. ಹನಿ ಬೀಳಲಿಲ್ಲ. ಅವಳು ಇಳಿದ ಮೇಲೆ ಅಕ್ಕೋರು ಬಕೆಟ್ಟಿನ ಕಡೆ ನೋಡುತ್ತ, "ಅವತ್ತೇ ನಿನ್ನ ಕೇಳಬೇಕಾಗಿತ್ತು," ಎಂದರು. ಅವಳು ಏಣಿ ಎತ್ತಿ ಗೋಡೆಗೆ ಒರಗಿಸಿದಳು.

ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ದೇವಾನಂದನ ಫೋನ್ ಬಂತು. ದನಿ ಮೊದಲಿನಂತೆಯೇ ಇತ್ತು. ಹೊಸ ಗಾಡಿಗೆ ದೊಡ್ಡ ಇನ್ವರ್ಟರ್ ಹಾಕಿದ್ದಾರೆ, ಫ್ಯೂಸು ಪದೇ ಪದೇ ಹೋಗುತ್ತಿದೆ, ದಪ್ಪ ಫ್ಯೂಸು ಹಾಕಿಬಿಡಲೇ ಎಂದು ಕೇಳಿದ.

ತನ್ನ ನಕ್ಷೆಯಲ್ಲಿದ್ದದ್ದು ಸಣ್ಣ ಇನ್ವರ್ಟರಿನ ತಂತಿ ಎಂದು ಲುಂಬಿನಿಗೆ ಗೊತ್ತಿತ್ತು.

"ಹಾಕಬ್ಯಾಡ. ತಂತಿ ಸಣ್ಣದದ, ಸುಟ್ಟು ಬೆಂಕಿ ಹತ್ತತದ. ಒಳಗ ಜನ ಮಲಗತಾರ. ಬ್ಯಾಟ್ರಿಯಿಂದ ಇನ್ವರ್ಟರ್ ತನಕ ದಪ್ಪ ತಂತಿ ಎಳಸು, ಆಮ್ಯಾಗ ಅದಕ್ಕ ತಕ್ಕ ಫ್ಯೂಸ್ ಹಾಕಸು."

ಹೇಳಿದ್ದನ್ನು ಅವನಿಂದ ಮರಳಿ ಹೇಳಿಸಿಕೊಂಡಳು. ಅವನು ಅವಳ ತಾಯಿಯ ಕಣ್ಣು ಈಗ ಹೇಗಿದೆ ಎಂದು ಕೇಳತೊಡಗಿದಾಗ ಫೋನ್ ಇಟ್ಟಳು. ಅವನ ನಂಬರನ್ನು ಅಳಿಸಿ, ನಾಲವಾರದಿಂದ ಬಂದು ಕಾಯುತ್ತಿದ್ದ ಗಿರಾಕಿಗೆ ಒಳಗೆ ಬರಲು ಹೇಳಿದಳು.