ಗ್ರಹಣ ನೋಡಿದ ನೆಗೆಟಿವ್

ನಮ್ಮ ಅಬ್ಬಾ ತುಮಕೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ರು. ಸ್ಟುಡಿಯೋ ಅಂದ್ರೆ ಏನೋ ಅಂದ್ಕೋಬೇಡಿ. ಮುಂದೆ ಒಂದು ಮೇಜು, ಗೋಡೆಗೆ ಬಣ್ಣದಲ್ಲಿ ಹೂದೋಟ ಬರೆಸಿದ ಪರದೆ, ಅದರ ಹಿಂದೆ ಕತ್ತಲೆ ಕೋಣೆ. ಗಂಡಸರು, ಮಕ್ಕಳು, ಹೊಸದಾಗಿ ಮದುವೆಯಾದವರು ಅಲ್ಲಿಗೇ ಬರ್ತಿದ್ರು. ಪರ್ದಾದಲ್ಲಿರೋ ಹೆಂಗಸರು ಬರ್ತಿರಲಿಲ್ಲ. ಅವರ ಮನೆಗಳಿಗೆ ನಾನು ಹೋಗ್ತಿದ್ದೆ. ಹೈಸ್ಕೂಲು ಮುಗಿದ ಮೇಲೆ ಓದು ನಿಂತಿತ್ತು, ಮನೇಲಿ ಕೂತು ಎಲ್ಲರ ಜೊತೆ ಜಗಳ ಆಡ್ತಿದ್ದೆ. ಅಬ್ಬಾ ಕ್ಯಾಮೆರಾ ಕೈಗೆ ಕೊಟ್ಟದ್ದು ಮುದ್ದಿಗಲ್ಲ, ವ್ಯಾಪಾರಕ್ಕೆ. ಆದ್ರೆ ಕೊಟ್ಟ ಮೇಲೆ ನಾನು ಅದನ್ನ ಬಿಡಲಿಲ್ಲ.

ಆ ಮನೆಗಳಲ್ಲಿ ಒಂದು ಕಟ್ಟಳೆ ಇತ್ತು. ಪ್ರಿಂಟ್ ಕೊಡುವಾಗ ನೆಗೆಟಿವನ್ನೂ ಕೊಟ್ಟುಬಿಡಬೇಕು. ಹೆಂಗಸಿನ ಮುಖ ಇರೋ ಫಿಲಂ ಅಂಗಡೀಲಿ ಉಳಿದ್ರೆ ನಾಳೆ ಯಾರ ಕೈಗೆ ಬೀಳುತ್ತೋ ಅನ್ನೋ ಭಯ. ಅಂಥ ಫಿಲಂ ತೊಳೆಯೋದೂ ನಾನೇ, ಪ್ರಿಂಟ್ ಹಾಕೋದೂ ನಾನೇ. ಆ ಹೊತ್ತಲ್ಲಿ ಅಬ್ಬಾ ಕೂಡ ಕತ್ತಲೆ ಕೋಣೆಗೆ ಕಾಲಿಡ್ತಿರಲಿಲ್ಲ. "ಅದು ಅಮಾನತ್ ಕಣಮ್ಮ," ಅಂತಿದ್ರು. ನಂಬಿ ನಮ್ಮ ಕೈಲಿ ಇಟ್ಟದ್ದು ಅಂತ ಅರ್ಥ. ಹೀಗಾಗಿ ನಾನು ತೆಗೆದ ಒಳ್ಳೇ ಚಿತ್ರಗಳೆಲ್ಲ ಬೇರೆಯವರ ಟ್ರಂಕುಗಳಲ್ಲಿದ್ವು. ನನ್ನ ಹತ್ರ ತೋರಿಸೋಕೆ ಇದ್ದದ್ದು ಹಿರೇಹಳ್ಳಿ ಕಾರ್ಖಾನೆಗಳ ಮುಂದೆ ಶಿಫ್ಟ್ ಬಿಟ್ಟಾಗ ತೆಗೆದ ನಾಲ್ಕಾರು ಚಿತ್ರ ಅಷ್ಟೆ.

ನಮ್ಮಲ್ಲಿ ಫಿಲಂ ತೊಳೆಸೋಕೆ ಒಬ್ಬ ಕಾಲೇಜು ಮೇಷ್ಟ್ರು ಬರ್ತಿದ್ರು. ಪಕ್ಷಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆಯೋ ಮನುಷ್ಯ. ಒಂದಿನ ಪೇಪರಿನ ತುಂಡೊಂದನ್ನ ತಂದು ಅಬ್ಬಾ ಮುಂದೆ ಇಟ್ರು. ಬೆಂಗಳೂರಿನಲ್ಲಿ ಸರ್ಕಾರದೋರು ಜಿಲ್ಲೆಗಳ ಫೋಟೋಗ್ರಾಫರುಗಳಿಗೆ ಅಂತ ಪ್ರದರ್ಶನ ಮಾಡ್ತಾರಂತೆ. ಹೊಸಬರೂ ಕಳಿಸಬಹುದು, ಕಸುಬಿನವರೂ ಕಳಿಸಬಹುದು. ಆಯ್ಕೆಯಾದವರ ಚಿತ್ರ ದೊಡ್ಡ ಹಾಲ್‌ನಲ್ಲಿ ತೂಗುಹಾಕ್ತಾರೆ. ಅವರಲ್ಲಿ ಒಬ್ಬರಿಗೆ ಮಾತ್ರ ಒಂದು ವರ್ಷ ಸಹಾಯಧನ: ಫಿಲಂಗೆ, ಪೇಪರಿಗೆ, ಓಡಾಟಕ್ಕೆ. ಅವರು ಇಷ್ಟಪಟ್ಟ ವಿಷಯದ ಮೇಲೆ ಚಿತ್ರ ತೆಗೀತಾ ಇರಬಹುದು. ಕೆಳಗೆ ಷರತ್ತು ಹಾಕಿದ್ರು. ಪ್ರಿಂಟಿನ ಜೊತೆ ಅದರ ನೆಗೆಟಿವನ್ನೂ ಕಳಿಸಬೇಕು, ನೆಗೆಟಿವಿನ ಮೇಲೆ ಪೆನ್ಸಿಲ್ ಆಡಿಸಿದ ಗುರುತು ಇರಬಾರದು.

ಆ ಷರತ್ತು ನಮ್ಮಂಥವರಿಗೇ ಅಂತ ಹಾಕಿದ್ದು. ಪೆನ್ಸಿಲ್ ಆಡಿಸದ ಸ್ಟುಡಿಯೋ ಆಗ ಎಲ್ಲಿತ್ತು ಹೇಳಿ. ಕಿಟಕಿ ಪಕ್ಕ ಓರೆ ಮೇಜು, ನಡುವೆ ಗಾಜು, ಕೆಳಗಿನಿಂದ ಬೆಳಕು ಬರೋ ಹಾಗೆ ಕನ್ನಡಿ. ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿ ಥರ ಚೂಪು ಮಾಡಿದ ಪೆನ್ಸಿಲಿನಿಂದ ಅಬ್ಬಾ ಮೊಡವೆ, ಸುಕ್ಕು, ಕಣ್ಣ ಕೆಳಗಿನ ಕಪ್ಪು ಎಲ್ಲ ಮುಚ್ಚೋರು. ಮುಖಕ್ಕೆ ಇಸ್ತ್ರಿ ಹಾಕ್ತೀರ ನೀವು ಅಂತ ನಾನು ರೇಗಿಸ್ತಿದ್ದೆ. "ಗಿರಾಕಿ ಸುಕ್ಕು ಕೇಳ್ಕೊಂಡು ಬರಲ್ಲ ಕಣೇ," ಅಂತ ಅವರ ಜವಾಬು.

ಮೇಷ್ಟ್ರು ಹೋದ ಮೇಲೆ ಅಬ್ಬಾ ಆ ತುಂಡನ್ನ ಮಡಿಚಿ ನನ್ನ ಕೈಗೆ ಕೊಟ್ರು. ಆಗ ನನಗೆ ಕುಣಿಗಲ್‌ನಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಕಡೆಯವರು ಎಲ್ಲಾ ಒಪ್ಪಿ, ಹುಡುಗಿ ಕ್ಯಾಮೆರಾ ಬಿಡಬೇಕು ಅಂದಿದ್ರು. ಮರಳೂರಿನ ನಮ್ಮ ಮನೇಲಿ ಅಮ್ಮೀ, ಚಿಕ್ಕಮ್ಮಂದಿರು ಎಲ್ಲ ಅವರ ಪರ. ಅಬ್ಬಾ ಒಬ್ಬರೇ ಬಾಯಿ ಬಿಡದೆ ಕೂತಿದ್ರು. ಆವತ್ತು ಮಾತ್ರ ಹೇಳಿದ್ರು. "ಇದು ಸಿಕ್ಕಿದ್ರೆ ನನ್ನ ಬಾಯಿಗೆ ಒಂದು ಮಾತು ಸಿಗುತ್ತೆ. ಸರ್ಕಾರದೋರು, ದೊಡ್ಡೋರು ಒಪ್ಪಿದಾರೆ, ಇದು ಬರೀ ಚಟ ಅಲ್ಲ ಅಂತ ಹೇಳ್ತೀನಿ. ಸಿಗದಿದ್ರೆ ನಾನೇನೂ ಮಾಡೋಕಾಗಲ್ಲ." ಅಷ್ಟು ಸ್ಪಷ್ಟವಾಗಿತ್ತು ನನ್ನ ಪಾಡು.

ಯಾವ ಚಿತ್ರ ಕಳಿಸಬೇಕು ಅಂತ ನಾನು ಯೋಚಿಸಬೇಕಾಗೇ ಬರಲಿಲ್ಲ. ಅದು ಗುಬ್ಬಿಯಲ್ಲಿತ್ತು.

ಹಿಂದಿನ ವರ್ಷ ಗುಬ್ಬಿಯ ಕೊಬ್ಬರಿ ವ್ಯಾಪಾರಿಯೊಬ್ಬರ ಮನೆಯಿಂದ ಹೇಳಿಕಳಿಸಿದ್ರು. ಅವರ ತಾಯಿ ಹಜ್‌ಗೆ ಹೊರಟಿದ್ರು, ಕಾಗದಪತ್ರಕ್ಕೆ ಫೋಟೋ ಬೇಕಾಗಿತ್ತು. ಮನೆಯವರೆಲ್ಲ ಅವರನ್ನ ಅಮ್ಮಾಜಾನ್ ಅಂತಿದ್ರು, ನಾನೂ ಹಾಗೇ ಕರೆದೆ. ಅಷ್ಟು ವಯಸ್ಸಾಗಿದ್ರೂ ಆಕೆ ಒಂದು ಸಲಾನೂ ಕ್ಯಾಮೆರಾ ಮುಂದೆ ಕೂತವರಲ್ಲ. ಬಿಳೀ ಓಢ್ನಿ ಹೊದ್ದು ಹಿತ್ತಲ ಬಾಗಿಲಲ್ಲಿ ಕೂತ್ರು, ಉಸಿರೇ ಬಿಡಲಿಲ್ಲ. ಕಾಗದಕ್ಕೆ ಬೇಕಾದ್ದು ತೆಗೆದೆ. "ಆಯ್ತಾ?" ಅಂದ್ರು. ಆಯ್ತು ಅಂದೆ. ಆಗ ಉಸಿರು ಬಿಟ್ಟು, ಇಷ್ಟಕ್ಕಾ ನಾನು ರಾತ್ರಿಯೆಲ್ಲ ನಿದ್ದೆ ಕೆಡಿಸ್ಕೊಂಡಿದ್ದು ಅನ್ನೋ ಥರ ನಕ್ಕರು. ಬಾಯಿಗೆ ಕೈ ಅಡ್ಡ ಇಡೋಕೂ ಮರೆತು ನಕ್ಕರು. ಆ ನಗುವನ್ನ ನಾನು ತೆಗೆದುಬಿಟ್ಟೆ. ಆಕೆ ಕ್ಲಿಕ್ ಸದ್ದು ಕೇಳಿ ಸುಮ್ಮನಾದ್ರು. ಆಮೇಲೆ ಹತ್ರ ಕರೆದು ಹೇಳಿದ್ರು: "ಇದನ್ನೂ ಕೊಡು. ಗಂಡಸರ ಕಣ್ಣಿಗೆ ಬೀಳಬಾರದು, ತಿಳೀತಾ." ತಿಳೀತು ಅಂದೆ. ಪ್ರಿಂಟ್ ಹಾಕಿದಾಗ ಆ ಮುಖದ ಒಂದು ಗೆರೆಯನ್ನೂ ಮುಟ್ಟಲಿಲ್ಲ. ಎರಡು ಪ್ರಿಂಟು, ಎರಡು ನೆಗೆಟಿವ್ ಎಲ್ಲಾ ಕೊಟ್ಟು ಬಂದೆ.

ಈಗ ಅವರನ್ನೇ ಕೇಳೋಣ, ಒಪ್ಪಿದ್ರೆ ಒಪ್ಪಲಿ, ಇಲ್ಲ ಅಂದ್ರೆ ಕಾಲು ಹಿಡಿದಾದ್ರೂ ಒಪ್ಪಿಸೋಣ ಅಂತ ಗುಬ್ಬಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡು ಹೋದೆ.

ಬಾಗಿಲು ತೆಗೆದದ್ದು ಸೊಸೆ. ನನಗಿಂತ ಸ್ವಲ್ಪ ದೊಡ್ಡವಳು, ಸಾಧು ಹೆಂಗಸು. ಅಮ್ಮಾಜಾನ್ ಎಲ್ಲಿ ಅಂದೆ. ಅವಳು ನನ್ನ ಮುಖ ನೋಡಿ, ನಿನಗೆ ಯಾರೂ ಹೇಳಲಿಲ್ವಾ ಅಂದಳು. ಹಜ್‌ಗೆ ಹೋದವರು ಅಲ್ಲೇ ತೀರಿಕೊಂಡಿದ್ರು. ಅಲ್ಲೇ ಮಣ್ಣಾಯ್ತಂತೆ. ಪುಣ್ಯವಂತರು ಅಂತ ಊರೆಲ್ಲ ಹೇಳ್ತು ಅಂದಳು, ಆಮೇಲೆ, "ನಮಗೆ ಹೋಗಿ ನಿಲ್ಲೋಕೆ ಒಂದು ಜಾಗ ಇಲ್ಲ," ಅಂದಳು. ಕೇಳೋಕೆ ಅಂತ ಬಂದಿದ್ದ ನನಗೆ ಕೇಳಬೇಕಾದವರೇ ಇರಲಿಲ್ಲ. ನಾನು ಅಲ್ಲೇ ಜಗಲಿಯಲ್ಲಿ ಕೂತು ಅತ್ತೆ.

ಫೋಟೋ ಇದೆಯಲ್ಲ ಅಂದೆ, ಸಮಾಧಾನಕ್ಕೆ. ಅದೂ ಇರಲಿಲ್ಲ. ಜನಸಾಗರದಲ್ಲಿ ತಪ್ಪಿಸ್ಕೊಂಡ್ರೆ ಜೊತೆಗಿರೋರು ತೋರಿಸಿ ಹುಡುಕಲಿ ಅಂತ ಅಮ್ಮಾಜಾನ್ ಆ ನಗುವಿನ ಪ್ರಿಂಟನ್ನ ಚೀಲದಲ್ಲಿ ಇಟ್ಕೊಂಡು ಹೋಗಿದ್ರಂತೆ. ಚೀಲ ವಾಪಸ್ ಬರಲಿಲ್ಲ. ಇನ್ನೊಂದು ಕಾಗದಪತ್ರದ ಜೊತೆ ಹೋಗಿತ್ತು. ಉಳಿದದ್ದು ನೆಗೆಟಿವ್.

ಸೊಸೆ ಒಳಗೆ ಹೋಗಿ ಅದನ್ನ ತಂದು ಕೊಡೋವಾಗ ತಲೆ ತಗ್ಗಿಸಿದ್ಲು. ಆ ವರ್ಷ ಸೂರ್ಯಗ್ರಹಣ ಆಗಿತ್ತು, ನೆನಪಿರೋರಿಗೆ ನೆನಪಿರುತ್ತೆ. ಬರಿಗಣ್ಣಲ್ಲಿ ನೋಡಬೇಡಿ, ಕಣ್ಣು ಹೋಗುತ್ತೆ ಅಂತ ಎಲ್ಲಾ ಕಡೆ ಹೇಳಿದ್ರು. ಜನ ಎಕ್ಸ್‌ರೇ ಹಾಳೆ, ಫಿಲಂ ತುಂಡು ಹುಡುಕಿದ್ರು. ಆ ಮನೆ ಮಕ್ಕಳು ಟ್ರಂಕು ಜಾಲಾಡಿ ಈ ಎರಡು ನೆಗೆಟಿವ್ ತೆಗೆದಿದ್ವು. ಬಿಳೀ ಬಟ್ಟೆ ನೆಗೆಟಿವಿನಲ್ಲಿ ಕಪ್ಪಗೆ ಬರುತ್ತೆ. ಅಮ್ಮಾಜಾನ್ ಓಢ್ನಿ ಬಂದಿದ್ದ ಜಾಗ ಸೂರ್ಯನಿಗೆ ಹಿಡಿಯೋಕೆ ಹೇಳಿ ಮಾಡಿಸಿದ ಹಾಗಿತ್ತು. ಮಕ್ಕಳ ಕೈಯಿಂದ ಬೀದಿಯವರ ಕೈಗೆ, ಅಲ್ಲಿಂದ ಮಂಡಿಯ ಹಮಾಲರ ಕೈಗೆ ಹೋಗಿ, ಊರ ಗಂಡಸರೆಲ್ಲ ಒಬ್ಬರಾದ ಮೇಲೆ ಒಬ್ಬರು ಅದರಲ್ಲಿ ಸೂರ್ಯನ್ನ ನೋಡಿದ್ರು. ಅದು ಒಬ್ಬ ಹೆಂಗಸಿನ ಮುಖ ಅಂತ ಯಾರಿಗೂ ಹೊಳೆಯಲಿಲ್ಲ. ಕಾಗದಪತ್ರದ ನೆಗೆಟಿವ್ ಬೀದಿಯಲ್ಲೇ ಕಳೆದುಹೋಯ್ತು. ನಗುವಿನದು ವಾಪಸ್ ಬಂತು, ಮೈತುಂಬ ಉಗುರಿನ ಗೀರು, ಮರಳಿನ ಗೀರು, ಬೆರಳಿನ ಎಣ್ಣೆ.

ಅಷ್ಟರಲ್ಲಿ ಆಕೆಯ ಮಗ ಮಂಡಿಯಿಂದ ಊಟಕ್ಕೆ ಬಂದ್ರು. ನಾನು ಬಂದ ಕಾರಣ ಮುಚ್ಚಿಡದೆ ಹೇಳಿದೆ: ಬೆಂಗಳೂರು, ಪ್ರದರ್ಶನ, ಸಹಾಯಧನ ಎಲ್ಲಾ. ಅವರು ಬಾಗಿಲ ಆಚೆ ನಿಂತೇ ಕೇಳಿಸ್ಕೊಂಡ್ರು. ಬೈತಾರೆ ಅಂದ್ಕೊಂಡೆ, ಬೈದಿದ್ರೆ ನಾನೂ ನಾಲ್ಕು ಮಾತಾಡಿ ಹಗುರಾಗ್ತಿದ್ದೆ. "ಅಮ್ಮಾಜಾನ್ ಮಾತಾಡಿದ್ದು ನಿಮ್ಮ ಹತ್ರ," ಅಂದ್ರು. "ಏನು ಹೇಳಿದ್ರೋ ನನಗೆ ಗೊತ್ತಿಲ್ಲ. ತಗೊಂಡ್ಹೋಗಿ. ನಿಮಗೆ ಸರಿ ಕಂಡದ್ದು ಮಾಡಿ. ನಮಗೊಂದು ಪ್ರಿಂಟ್ ಕೊಡಿ, ಅಷ್ಟು ಸಾಕು."

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಮೈಯೆಲ್ಲ ಉರೀತಿತ್ತು. ಊರ ಗಂಡಸರೆಲ್ಲ ಆ ಮುಖದ ಮೂಲಕ ಆಕಾಶ ನೋಡಿ ಆಗಿದೆ, ಇನ್ನು ಬೆಂಗಳೂರಿನ ನಾಲ್ಕು ಜನ ನೋಡಿದ್ರೆ ಯಾರ ಮಾನ ಹೋಗುತ್ತೆ ಅಂತ ನನಗೆ ನಾನೇ ವಾದ ಮಾಡಿದೆ. ಗೀರು ಬಿದ್ದ ಹಾಗೇ ಪ್ರಿಂಟ್ ಹಾಕಿ ಕಳಿಸಿದ್ರೆ ಚಿತ್ರಕ್ಕೆ ಇನ್ನೂ ತೂಕ ಬರುತ್ತೆ ಅಂತಾನೂ ಹೊಳೀತು. ಹೊಳೆದದ್ದು ಸುಳ್ಳಲ್ಲ. ಅವತ್ತು ಸಂಜೆ ಒರಟು ಪ್ರಿಂಟ್ ತೆಗೆದು ನೋಡಿದೆ. ಕಪ್ಪು ಗೀರುಗಳ ಮಳೆ, ಅದರ ಹಿಂದೆ ಆ ನಗು. ನಾನು ಅದಕ್ಕಿಂತ ಒಳ್ಳೇ ಚಿತ್ರ ಅದಕ್ಕೆ ಮುಂಚೆಯೂ ತೆಗೆದಿರಲಿಲ್ಲ, ಆಮೇಲೂ ತೆಗೆಯಲಿಲ್ಲ. ಮೇಷ್ಟ್ರು ನೋಡಿದ್ರೆ ಇದಕ್ಕೇ ಸಿಗುತ್ತೆ ಅಂತಿದ್ರು. ಅವರಿಗೆ ತೋರಿಸಲಿಲ್ಲ, ಅಬ್ಬಾಗೂ ತೋರಿಸಲಿಲ್ಲ. ಗುಬ್ಬಿಯ ಗಂಡಸರು ನೋಡಿದ್ದು ಸೂರ್ಯನ್ನ. ಹಾಲ್‌ನಲ್ಲಿ ನೋಡೋರು ಆಕೆಯನ್ನ ನೋಡ್ತಾರೆ. ನಾನು ತಿಳೀತು ಅಂತ ಹೇಳಿ ಬಂದವಳು.

ಮಾರನೇ ದಿನ ಆ ಒರಟು ಪ್ರಿಂಟ್ ತಗೊಂಡು ಮತ್ತೆ ಗುಬ್ಬಿಗೆ ಹೋದೆ. ಆ ಮನೆಯವರಿಗೆ ಕೊಡೋ ಪ್ರಿಂಟಿಗಾಗಿ ಗೀರು ಮುಚ್ಚಬೇಕು ಅಂದ್ರೆ ಯಾವುದು ಗೀರು, ಯಾವುದು ಸುಕ್ಕು ಅಂತ ಗೊತ್ತಾಗಬೇಕಲ್ಲ. ಪ್ರಿಂಟಿನಲ್ಲಿ ಎರಡೂ ಕಪ್ಪು ಗೆರೆಗಳೇ. ಸೊಸೆ ಅಡುಗೆಮನೆಯ ನೆಲದ ಮೇಲೆ ಅದನ್ನ ಇಟ್ಕೊಂಡು ಬಗ್ಗಿ ಕೂತಳು. ತಲೆ ಮೇಲಿನ ಸೆರಗು ಜಾರಿದ್ದೂ ಅವಳಿಗೆ ತಿಳೀಲಿಲ್ಲ, ಕೆಲಸದಲ್ಲಿ ಅಷ್ಟು ಮುಳುಗಿದ್ಲು. ಬೆರಳು ಇಟ್ಟು ಹೇಳ್ತಾ ಹೋದಳು.

"ಇದು ಅತ್ತೇದು. ಇದು ಅಲ್ಲ. ಇದು ಅತ್ತೇದೇ, ಬೀಡಿ ಹೊಗೆ ಕಂಡ್ರೆ ಹಿಂಗೆ ಮೂಗು ಸುಕ್ಕು ಮಾಡೋರು. ಇದು ಯಾವುದೋ ಮಕ್ಕಳದು. ಇದು..."

ಒಂದು ಗೆರೆ ಮೇಲೆ ಬೆರಳು ನಿಂತುಬಿಡ್ತು. ಹುಬ್ಬಿನ ಮೇಲೆ ಓರೆಯಾಗಿ ಇತ್ತು. ಮಾವ ಸತ್ತ ಮೇಲೆ ಬಂದದ್ದು ಅಂತ ಅತ್ತೆ ಹೇಳ್ತಿದ್ರು, ಅದನ್ನ ತೆಗೀಬೇಡ ಅಂದಳು. ನಾನು ಕೆಂಪು ಪೆನ್ಸಿಲಿನಲ್ಲಿ ಬೇಡದ್ದಕ್ಕೆಲ್ಲ ಗುರುತು ಹಾಕ್ಕೊಂಡೆ.

ಅಬ್ಬಾರ ಓರೆ ಮೇಜಿನ ಮುಂದೆ ನಾನು ಕೂತಾಗ ಕಿಟಕಿಯಲ್ಲಿ ಬೆಳಗಿನ ಬೆಳಕಿತ್ತು. ಪೆನ್ಸಿಲ್ ಹಿಡಿಯಲಿ ಅಂತ ನೆಗೆಟಿವಿಗೆ ತೆಳ್ಳಗೆ ವಾರ್ನಿಶ್ ಸವರಿದೆ. ಈಗ ಪೆನ್ಸಿಲ್ ಇಟ್ರೆ ಮುಗೀತು, ಈ ವರ್ಷ ಮಾತ್ರ ಅಲ್ಲ, ಯಾವ ವರ್ಷವೂ ಈ ನೆಗೆಟಿವ್ ಪ್ರದರ್ಶನಕ್ಕೆ ಹೋಗೋಕಾಗಲ್ಲ. ಗೊತ್ತಿದ್ದೇ ಇಟ್ಟೆ. ಹಾಗೇ ಬಿಟ್ರೆ ಮುಂದಿನ ವರ್ಷ ಮತ್ತೆ ಪೇಪರಿನಲ್ಲಿ ಪ್ರಕಟಣೆ ಬರುತ್ತೆ, ನನ್ನ ಮನಸ್ಸು ಮತ್ತೆ ಓಲಾಡುತ್ತೆ. ನನ್ನನ್ನ ನಾನು ಅಷ್ಟು ನಂಬ್ತಿರಲಿಲ್ಲ. ಅಬ್ಬಾ ಬಂದು ಹಿಂದೆ ನಿಂತ್ರು. ಗಾಜಿನ ಮೇಲೇನಿದೆ ಅಂತ ಗೊತ್ತಾಗಿ ಮುಖ ತಿರುಗಿಸಿದ್ರು. "ಬೆಂಗಳೂರಿಗೆ ಕಳಿಸೋಕೆ ನಿನ್ನ ಪಾಲಿಗೆ ಅದೊಂದೇ ಇತ್ತಲ್ಲಮ್ಮ," ಅಂದ್ರು. ಹೌದು ಅಂದೆ. ಅವರು ಅಂಗಡಿ ಮುಂದೆ ಹೋಗಿ ಕೂತ್ರು.

ಪ್ರದರ್ಶನದ ಕಥೆ ಹೇಳಿ ಮುಗಿಸ್ತೀನಿ. ಹಿರೇಹಳ್ಳಿಯ ಒಂದು ಚಿತ್ರ ಕಳಿಸಿದ್ದೆ, ಅದನ್ನ ಮೆಟ್ಟಿಲ ಪಕ್ಕದ ಗೋಡೆಗೆ ಹಾಕಿದ್ರು. ಅಬ್ಬಾ ಜೊತೆ ಹೋಗಿ ನೋಡಿ ಬಂದೆ. ಸಹಾಯಧನ ಬೇರೆ ಯಾರಿಗೋ ಸಿಕ್ತು. ಅವರು ಸಂತೆಯಲ್ಲಿ ಕೂತ ಮುದುಕಿಯ ಮುಖ ತೆಗೆದಿದ್ರು. ಒಳ್ಳೇ ಚಿತ್ರವೇ. ನನ್ನದು ಇದಕ್ಕಿಂತ ಚೆನ್ನಾಗಿತ್ತು ಅಂತ ಹೊಟ್ಟೆ ಉರ್ಕೊಂಡು ನಿಂತಿದ್ದೆ, ಯಾಕೆ ಸುಳ್ಳು ಹೇಳಲಿ. ಕುಣಿಗಲ್ಲಿಗೆ ಮದುವೆಯಾಗಿ ಹೋದೆ. ಕ್ಯಾಮೆರಾ ಅಬ್ಬಾ ಅಂಗಡೀಲೇ ಉಳೀತು. ಗಂಡನ ಮನೆಯವರು ಕೆಟ್ಟವರಲ್ಲ, ಆದ್ರೂ ಆ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ನಾನು ಕೈಯಾರೆ ಹಾಕಿದ ಕೊನೇ ಪ್ರಿಂಟು ಅಮ್ಮಾಜಾನ್‌ದೇ. ಮದುವೆಗೆ ಮುಂಚೆ ಅದನ್ನೂ ನೆಗೆಟಿವನ್ನೂ ಗುಬ್ಬಿಗೆ ತಲುಪಿಸಿ ಬಂದೆ. ಸೊಸೆ ಅದೇ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕೂತಿದ್ಲು, ಸೆಕೆಗೆ ಸೆರಗು ಹೆಗಲ ಮೇಲಿತ್ತು. ಕೈ ಒರೆಸ್ಕೊಂಡು ಕಾಗದ ಬಿಚ್ಚಿದಳು. ಮುಖ ಕಂಡದ್ದೇ ಗಡಿಬಿಡಿಯಲ್ಲಿ ಸೆರಗು ಎಳೆದು ತಲೆ ಮುಚ್ಚಿಕೊಂಡಳು. ಅತ್ತೆ ಒಳಗೆ ಬಂದಾಗ ಹಾಗೇ ಮಾಡ್ತಿದ್ಲಂತೆ.